ಸಂಗ್ರಹಯಂತ್ರದ ಮೌನವೂ ಡ್ರೈವರಿನ ತಾಳ್ಮೆಯೂ

‘ಮೌನಂ ಸಮ್ಮತಿಲಕ್ಷಣಂ’ ಎಂಬುದು ಹಿರಿಯರ ಮಾತು. ಮದುವೆಯ ಮಾತುಕತೆಗೂ ಸಭೆಯ ನಿರ್ಣಯಕ್ಕೂ ಅದು ಒಪ್ಪಬಹುದು. ಗಣಕಯಂತ್ರದ ಹೊಟ್ಟೆಯೊಳಗೆ ನಡೆಯುವ ವ್ಯವಹಾರದಲ್ಲಿ ಮಾತ್ರ ಅದಕ್ಕೆ ಬೆಲೆಯಿಲ್ಲ. ಅಲ್ಲಿ ಒಬ್ಬನು ಕೇಳಿದುದಕ್ಕೆ ಮತ್ತೊಬ್ಬನು ಗೊತ್ತಾದ ಅವಧಿಯೊಳಗೆ ಉತ್ತರ ಕೊಡದಿದ್ದರೆ, ಕೇಳಿದವನು ‘ಇವನ ಕಥೆ ಮುಗಿಯಿತು’ ಎಂದು ತೀರ್ಮಾನಿಸಿ ಮುಂದಿನ ಕ್ರಮಕ್ಕೆ ತೊಡಗುತ್ತಾನೆ. ಬಹುಮಟ್ಟಿಗೆ ಆ ತೀರ್ಮಾನ ಸರಿಯಾಗಿಯೇ ಇರುತ್ತದೆ. ಆದರೆ ಸಾಯದೆ, ಮಲಗದೆ, ತನ್ನ ಬುದ್ಧಿಯನ್ನೇ ಬದಲಾಯಿಸಿಕೊಳ್ಳುತ್ತ ಒಬ್ಬನು ಸುಮ್ಮನಿರುವ ಸಂದರ್ಭವೂ ಒಂದುಂಟು. ಆ ಮೌನವನ್ನು ತಪ್ಪಾಗಿ ತಿಳಿದರೆ ಏನು ಅನರ್ಥವಾಗಬಹುದು, ಅದನ್ನು ಸರಿಯಾಗಿ ತಿಳಿಯುವ ವಿದ್ಯೆಯನ್ನು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಗೆ ಹೇಗೆ ಕಲಿಸಿದರು ಎಂಬುದನ್ನು ನನ್ನ ಸಹಪಾಠಿಗಳಿಗೆ ವಿವರಿಸಬೇಕೆಂಬುದು ನನ್ನ ಆಸೆ.

ಇತಿಹಾಸವನ್ನು ಐಚ್ಛಿಕವಾಗಿ ಓದುತ್ತಿರುವ ಬಿ.ಎ. ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ಕೇಳುವವರಿದ್ದಾರೆ. ಸಂಜೆಯ ಹೊತ್ತು ನಾನು ಊರಿನ ಒಂದು ಗಣಕಯಂತ್ರ ದುರಸ್ತಿ ಅಂಗಡಿಯಲ್ಲಿ ಕೈಯಾಳು. ಕಾಲೇಜಿನ ಫೀಸು ಹುಟ್ಟುವುದು ಅಲ್ಲಿಂದ. ಇಂಜಿನಿಯರಿಂಗ್ ಓದುತ್ತಿರುವ ಮಿತ್ರರ ಕೈಗೆ ಈ ಸಂಚಿಕೆ ಸಿಕ್ಕರೆ, ನನ್ನ ಉಪಮಾನಗಳನ್ನು ಕಂಡು ಅವರು ನಗಬಹುದು. ನಗಲಿ. ವಿಷಯದಲ್ಲಿ ತಪ್ಪಿದ್ದರೆ ಮಾತ್ರ ತಿದ್ದಲಿ.

ಮೊದಲು ಸಂಗ್ರಹಯಂತ್ರವೆಂದರೇನೆಂಬುದನ್ನು ನೋಡೋಣ. ನಾವು ಬರೆದ ಟಿಪ್ಪಣಿ, ತೆಗೆದ ಚಿತ್ರ, ಕಚೇರಿಯ ಲೆಕ್ಕ ಎಲ್ಲವೂ ವಿದ್ಯುಚ್ಛಕ್ತಿ ಹೋದ ಮೇಲೂ ಉಳಿಯುವಂತೆ ಇಟ್ಟುಕೊಳ್ಳುವ ಭಾಗವದು. ಹಿಂದೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕುಗಳೇ ಎಲ್ಲೆಲ್ಲಿಯೂ ಇದ್ದವು. ಈಗ ಹೆಚ್ಚಾಗಿ ಎಸ್‌ಎಸ್‌ಡಿ ಎಂಬ, ಯಾವುದೂ ತಿರುಗದ ಚಪ್ಪಟೆಯ ಹಲಗೆ. ನೋಡಲು ಸೂಯಿಂಗ್ ಗಮ್ಮಿನ ಪೊಟ್ಟಣದಷ್ಟು. ಆದರೆ ಅದು ಕೇವಲ ಪೆಟ್ಟಿಗೆಯಲ್ಲ. ಅದರೊಳಗೆ ನಿಯಂತ್ರಕ ಎಂಬ ಸಣ್ಣದೊಂದು ಗಣಕಯಂತ್ರವೇ ಇದೆ. ಇದ್ದೇ ತೀರಬೇಕು. ಏಕೆಂದರೆ ಅಲ್ಲಿ ನೆನಪನ್ನು ಹಿಡಿದಿಡುವ ಫ್ಲ್ಯಾಶ್ ಎಂಬ ವಸ್ತುವಿನ ಸ್ವಭಾವ ವಿಚಿತ್ರವಾದುದು. ಅದರ ಮೇಲೆ ಪುಟ ಪುಟವಾಗಿ ಬರೆಯಬಹುದು, ಅಳಿಸುವಾಗ ಮಾತ್ರ ಬಹು ಪುಟಗಳ ಒಂದು ಕಟ್ಟನ್ನೇ ಒಟ್ಟಿಗೆ ಅಳಿಸಬೇಕು. ಸ್ಲೇಟಿನ ಮೇಲಿನ ಒಂದು ಅಕ್ಷರವನ್ನು ತಿದ್ದಲು ಇಡೀ ಸ್ಲೇಟನ್ನು ಒರೆಸಬೇಕೆಂಬ ನಿಯಮವಿದ್ದಂತೆ. ಸಾಲದುದಕ್ಕೆ, ಒಂದೇ ಕಟ್ಟನ್ನು ಮತ್ತೆ ಮತ್ತೆ ಒರೆಸಿದರೆ ಅದು ಸವೆದುಹೋಗುತ್ತದೆ. ಆದುದರಿಂದ ನಿಯಂತ್ರಕವು ತಿದ್ದಿದ ಪುಟವನ್ನು ಬೇರೆಲ್ಲೋ ಬರೆದು, ‘ಇಂತಹ ಪುಟ ಈಗ ಇಂತಹ ಸ್ಥಳದಲ್ಲಿದೆ’ ಎಂದು ತನ್ನ ಖಾತೆಯಲ್ಲಿ ಗುರುತು ಮಾಡಿಕೊಳ್ಳುತ್ತದೆ. ಹಿಂದಿನ ಕಾಲದ ಶಾನುಭೋಗರು ಸರ್ವೆ ನಂಬರುಗಳ ಖಾತೆಯನ್ನಿಟ್ಟುಕೊಂಡಿದ್ದಂತೆಯೇ ಎನ್ನಿ. ಖಾತೆ ಹೋದರೆ ಜಮೀನೇನೋ ಇದ್ದಲ್ಲೇ ಇರುತ್ತದೆ. ಯಾವುದು ಯಾರದೆಂದು ಹೇಳುವವರು ಇರುವುದಿಲ್ಲ.

ಈ ಶಾನುಭೋಗನ ಬುದ್ಧಿಗೆ ಫರ್ಮ್‌ವೇರ್ ಎಂದು ಹೆಸರು. ಅದೂ ಮನುಷ್ಯರು ಬರೆದ ಕಾರ್ಯಕ್ರಮವೇ. ಮನುಷ್ಯರು ಬರೆದುದರಲ್ಲಿ ಲೋಪಗಳಿರುವುದು ಸಹಜವೇ. ಲೋಪ ಕಂಡಾಗ ತಯಾರಕರು ಪರಿಷ್ಕರಿಸಿದ ಫರ್ಮ್‌ವೇರನ್ನು ಕಳುಹಿಸುತ್ತಾರೆ. ‘ನಡೆಯುತ್ತಿರುವ ಯಂತ್ರವನ್ನು ಏಕೆ ಕೆದಕಬೇಕು?’ ಎಂದು ನಮ್ಮ ಅಂಗಡಿಗೆ ಬರುವ ಗಿರಾಕಿಗಳು ಕೇಳುವುದುಂಟು. ಅವರಿಗೆ ನಾನು ಹೇಳುವ ಕಥೆ ಇದು. ೨೦೧೯ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿಯು ತನ್ನ ಕೆಲವು ಮಾದರಿಯ ಎಸ್‌ಎಸ್‌ಡಿಗಳ ಬಗ್ಗೆ ಒಂದು ಎಚ್ಚರಿಕೆಯನ್ನು ಹೊರಡಿಸಿತು. ಅವು ಒಟ್ಟು ೩೨,೭೬೮ ಗಂಟೆಗಳ ಕಾಲ, ಎಂದರೆ ೩ ವರ್ಷ ೨೭೦ ದಿನ ೮ ಗಂಟೆ ಕೆಲಸ ಮಾಡಿ, ಆ ಗಳಿಗೆಗೆ ಸರಿಯಾಗಿ ನಿಂತುಹೋಗುತ್ತವೆ. ಆಮೇಲೆ ಯಂತ್ರವೂ ದಕ್ಕದು, ಅದರಲ್ಲಿದ್ದ ಮಾಹಿತಿಯೂ ದಕ್ಕದು. ಅದಕ್ಕೆ ಮೊದಲೇ ಹೊಸ ಫರ್ಮ್‌ವೇರ್ ಹಾಕಿಕೊಳ್ಳಿರಿ ಎಂದು. ೨೦೨೦ರ ಮಾರ್ಚಿನಲ್ಲಿ ಬೇರೆ ಕೆಲವು ಮಾದರಿಗಳಿಗೆ ಅದೇ ಬಗೆಯ ಇನ್ನೊಂದು ಎಚ್ಚರಿಕೆ ಬಂತು. ಈ ಸಲದ ಆಯುಸ್ಸು ೪೦,೦೦೦ ಗಂಟೆ. ೩೨,೭೬೮ ಎಂದೊಡನೆ ಲೆಕ್ಕ ಬಲ್ಲವರು ಹುಬ್ಬೇರಿಸುತ್ತಾರೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆಯದು. ಧನ ಋಣಗಳೆರಡನ್ನೂ ಬರೆಯಬಲ್ಲ ೧೬ ಬಿಟ್ಟುಗಳ ಕೋಷ್ಠಕದಲ್ಲಿ ೩೨,೭೬೭ರ ವರೆಗೆ ಮಾತ್ರ ಎಣಿಸಲು ಸ್ಥಳವಿದೆ. ಇದು ಕಾಕತಾಳೀಯವೆಂದು ನಂಬುವುದು ನನಗಂತೂ ಕಷ್ಟ. ಇದರಲ್ಲಿ ಇನ್ನೂ ಭಯಂಕರವಾದುದೆಂದರೆ, ಒಂದು ಹಾಳಾದರೆ ಇನ್ನೊಂದಿರಲೆಂದು ಒಂದೇ ದಿನ ನಾಲ್ಕು ಎಸ್‌ಎಸ್‌ಡಿಗಳನ್ನು ಜೋಡಿಸಿದ್ದವರಿಗೆ ನಾಲ್ಕೂ ಹೆಚ್ಚು ಕಡಮೆ ಒಟ್ಟಿಗೇ ಕೈಕೊಡುವ ಸಂಭವ. ಹೀಗಿರುವಲ್ಲಿ ಫರ್ಮ್‌ವೇರ್ ಪರಿಷ್ಕರಣ ಶೋಕಿಯ ಮಾತಲ್ಲ. ಕೆಲವೊಮ್ಮೆ ಅದು ಯಂತ್ರದ ಪ್ರಾಣದ ಮಾತು.

ಇನ್ನು ಡ್ರೈವರಿನ ಪರಿಚಯ. ಇವನು ಬಸ್ಸಿನ ಡ್ರೈವರಲ್ಲ. ಗಣಕಯಂತ್ರದ ಕಾರ್ಯವ್ಯವಸ್ಥೆಗೂ ಸಂಗ್ರಹಯಂತ್ರಕ್ಕೂ ನಡುವೆ ಓಡಾಡುವ ಜವಾನನಂತಹ ಒಂದು ಕಾರ್ಯಕ್ರಮ. ನಾನು ಹೇಳಹೊರಟಿರುವುದು ಲಿನಕ್ಸಿನ ಒಂದು ಡ್ರೈವರಿನ ವಿಷಯ. ಲಿನಕ್ಸ್ ಎಂಬುದು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ನಮ್ಮಂತೆಯೇ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್‌ವಾಲ್ಡ್ಸ್ ಎಂಬಾತನು ೧೯೯೧ರಲ್ಲಿ ಪ್ರಾರಂಭಿಸಿದ ಕಾರ್ಯವ್ಯವಸ್ಥೆ. ಅದರ ಮೂಲಪಾಠ ಎಲ್ಲರಿಗೂ ತೆರೆದಿದೆ. ಕಾಸು ಕೊಡದೆ ಯಾರು ಬೇಕಾದರೂ ಓದಬಹುದು. ನಾನು ಈ ವಿಷಯಕ್ಕೆ ಬಿದ್ದುದೂ ಹಾಗೆಯೇ.

ಇಲ್ಲಿ ಇತಿಹಾಸದ ವಿದ್ಯಾರ್ಥಿಯಾಗಿ ಒಂದು ಮಾತನ್ನು ಹೇಳದಿರಲಾರೆ. ಲಿನಕ್ಸಿನ ಪಾಠದಲ್ಲಿ ಯಾರಾದರೂ ಒಂದು ಸಾಲನ್ನು ತಿದ್ದಿದರೆ, ತಿದ್ದಿದವರ ಹೆಸರು, ದಿನಾಂಕ, ಏಕೆ ತಿದ್ದಿದರೆಂಬ ಕಾರಣ, ನೋಡಿ ಒಪ್ಪಿದವರ ಹೆಸರುಗಳು ಎಲ್ಲವೂ ಆ ತಿದ್ದುಪಡಿಯ ಜೊತೆಗೇ ಶಾಶ್ವತವಾಗಿ ಉಳಿಯುತ್ತವೆ. ದಾನಶಾಸನಗಳಲ್ಲಿ ತಿಥಿ, ದಾನದ ವಿವರ, ಸಾಕ್ಷಿಗಳ ಹೆಸರು ಬರುವಂತೆಯೇ ಅಲ್ಲವೆ? ಕಾಲ ನಿರ್ಣಯಕ್ಕಾಗಿ ಒದ್ದಾಡುವ ನಮ್ಮಂತಹವರಿಗೆ ಇಷ್ಟು ಸುಖವಾದ ಶಾಸನಗಳು ಮತ್ತೆಲ್ಲಿಯೂ ಸಿಕ್ಕಲಾರವು. ಕೊನೆಯಲ್ಲಿ ಶಾಪಾಶಯವೊಂದಿಲ್ಲ, ಅಷ್ಟೆ.

ವಿಷಯಕ್ಕೆ ಬರೋಣ. ಈಗಿನ ವೇಗದ ಎಸ್‌ಎಸ್‌ಡಿಗಳು ತಮ್ಮ ಒಡೆಯನೊಡನೆ ಮಾತನಾಡುವ ಭಾಷೆಗೆ ಎನ್‌ವಿಎಂಇ ಎಂದು ಹೆಸರು. ಅದರ ಮೊದಲ ವ್ಯಾಕರಣ, ಎಂದರೆ ೧.೦ ಆವೃತ್ತಿ, ಪ್ರಕಟವಾದದ್ದು ೨೦೧೧ರ ಮಾರ್ಚಿನಲ್ಲಿ. ಲಿನಕ್ಸಿನಲ್ಲಿ ಅದರ ಡ್ರೈವರ್ ಸೇರಿದ್ದು ೨೦೧೨ರಲ್ಲಿ. ಈ ಭಾಷೆಯಲ್ಲಿ ಸಂಭಾಷಣೆ ನಡೆಯುವುದು ಸರದಿಯ ಸಾಲುಗಳ ಮೂಲಕ. ಡ್ರೈವರು ತನ್ನ ಆಜ್ಞೆಗಳನ್ನು ಒಂದು ಸಾಲಿನಲ್ಲಿ ಇಟ್ಟು, ಸಾಧನದ ಬಾಗಿಲ ಗಂಟೆಯನ್ನು ಬಾರಿಸುತ್ತದೆ. ಸಾಧನವು ಅವನ್ನು ಎತ್ತಿಕೊಂಡು ಕೆಲಸ ಮುಗಿಸಿ, ‘ಆಯಿತು’ ಎಂಬ ಚೀಟಿಯನ್ನು ಮತ್ತೊಂದು ಸಾಲಿನಲ್ಲಿಡುತ್ತದೆ. ಪ್ರತಿಯೊಂದು ಆಜ್ಞೆಯ ಹಿಂದೆಯೂ ಒಂದು ಗಡಿಯಾರ ಓಡುತ್ತಿರುತ್ತದೆ. ಬೇರೆ ಏನನ್ನೂ ವಿಧಿಸದಿದ್ದರೆ, ಓದು ಬರಹದ ಆಜ್ಞೆಗಳಿಗೆ ಲಿನಕ್ಸ್ ಕೊಡುವ ಗಡುವು ೩೦ ಸೆಕೆಂಡು. ಆಡಳಿತದ ಆಜ್ಞೆಗಳಿಗೆ ೬೦ ಸೆಕೆಂಡು. ಸೆಕೆಂಡಿಗೆ ಲಕ್ಷಗಟ್ಟಲೆ ಆಜ್ಞೆಗಳನ್ನು ತೀರಿಸಬಲ್ಲ ಸಾಧನಕ್ಕೆ ಮೂವತ್ತು ಸೆಕೆಂಡೆಂದರೆ ಒಂದು ಯುಗ. ಅಷ್ಟರೊಳಗೆ ಓದು ಬರಹದ ಆಜ್ಞೆಗೆ ಉತ್ತರ ಬಾರದಿದ್ದರೆ, ‘ಆ ಒಂದು ಆಜ್ಞೆಯನ್ನು ರದ್ದು ಮಾಡು’ ಎಂದು ಡ್ರೈವರು ಕೇಳುತ್ತದೆ. ಮತ್ತೂ ಗಡುವು ಮೀರಿದರೆ ನಿಯಂತ್ರಕವನ್ನೇ ರೀಸೆಟ್ ಮಾಡುತ್ತದೆ. ಎಂದರೆ ಕತ್ತು ಹಿಡಿದು ಎಬ್ಬಿಸಿ, ಮೊದಲಿನಿಂದ ಪಾಠ ಒಪ್ಪಿಸೆನ್ನುತ್ತದೆ.

ಹೊಸ ಫರ್ಮ್‌ವೇರನ್ನು ಹಾಕುವ ವಿಧಾನವೂ ಈ ವ್ಯಾಕರಣದಲ್ಲಿದೆ. ಮೊದಲು ಅದನ್ನು ತುಂಡು ತುಂಡಾಗಿ ಸಾಧನದೊಳಕ್ಕೆ ಸಾಗಿಸುವುದು. ಬಳಿಕ ‘ಕಮಿಟ್’ ಎಂಬ ಆಜ್ಞೆಯಿಂದ ಒಂದು ಗೂಡಿನಲ್ಲಿ ಕೂರಿಸುವುದು. ಸಾಧನದಲ್ಲಿ ಇಂತಹ ಗೂಡುಗಳು ಒಂದರಿಂದ ಏಳರ ವರೆಗೆ ಇರಬಹುದು. ಇಷ್ಟಾಗುವವರೆಗೆ ಹಳೆಯ ಶಾನುಭೋಗನೇ ಕುರ್ಚಿಯಲ್ಲಿರುತ್ತಾನೆ. ಜನರ ಕೆಲಸವೂ ನಡೆಯುತ್ತಿರುತ್ತದೆ. ತೊಡಕಿರುವುದು ಚಾರ್ಜು ವಹಿಸಿಕೊಡುವ ಗಳಿಗೆಯಲ್ಲಿ. ಪ್ರಾರಂಭದಲ್ಲಿ ಇದಕ್ಕೆ ರೀಸೆಟ್ ಒಂದೇ ದಾರಿಯಾಗಿತ್ತು: ಕಚೇರಿಯನ್ನು ಮುಚ್ಚು, ಹಳಬನನ್ನು ಕಳುಹಿಸು, ಹೊಸಬನನ್ನು ಕೂರಿಸಿ ಮತ್ತೆ ತೆರೆ. ಮನೆಯ ಯಂತ್ರಕ್ಕೆ ಇದು ಸಾಕು. ಹಗಲು ರಾತ್ರಿ ಸಾವಿರಾರು ಜನರಿಗೆ ಉತ್ತರ ಕೊಡಬೇಕಾದ ಬ್ಯಾಂಕಿನ, ಆಸ್ಪತ್ರೆಯ ಯಂತ್ರಗಳಿಗೆ ಸಾಲದು. ಆದುದರಿಂದ ೨೦೧೪ರಲ್ಲಿ ಬಂದ ೧.೨ ಆವೃತ್ತಿಯಲ್ಲಿ, ರೀಸೆಟ್ ಮಾಡದೆಯೇ ನಿಂತ ನಿಲುವಿನಲ್ಲೇ ಹೊಸ ಫರ್ಮ್‌ವೇರನ್ನು ಚಾಲನೆಗೆ ತರುವ ದಾರಿಯೊಂದನ್ನು ಸೇರಿಸಿದರು. ಹಿಂದಣ ಸಂಪರ್ಕ ಕಡಿಯುವುದಿಲ್ಲ, ಸಾಲಿನಲ್ಲಿದ್ದ ಆಜ್ಞೆಗಳು ಅಳಿಯುವುದಿಲ್ಲ. ಸಾಧನವು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಸ ಬುದ್ಧಿಯೊಡನೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಆ ‘ಸ್ವಲ್ಪ ಹೊತ್ತು’ ಇದೆಯಲ್ಲ, ನಮ್ಮ ಕಥೆಯ ತಿರುಳೆಲ್ಲ ಅದರಲ್ಲಿದೆ.

ಚಾರ್ಜು ಬದಲಾಗುವಾಗ ಖಾತೆಯ ಪುಸ್ತಕ ಮೇಜಿನ ಮೇಲೆ ತೆರೆದು ಬಿದ್ದಿದೆ. ಹಳಬನು ಎದ್ದಿದ್ದಾನೆ, ಹೊಸಬನು ಇನ್ನೂ ಕುಳಿತಿಲ್ಲ. ಹೊರಗೆ ಬಾಗಿಲು ತಟ್ಟುವ ರೈತನಿಗೆ ಉತ್ತರವಿಲ್ಲ. ಆತನು ಮೂವತ್ತು ಸೆಕೆಂಡು ಕಾದು, ಶಾನುಭೋಗನು ಒಳಗೆ ಸತ್ತಿರಬೇಕೆಂದು ಬಾಗಿಲನ್ನು ಒದ್ದು ಒಳನುಗ್ಗಿದರೆ? ಉದ್ದೇಶ ಒಳ್ಳೆಯದೇ. ಆದರೆ ಆ ನೂಕುನುಗ್ಗಲಿನಲ್ಲಿ ಮಸಿ ಚೆಲ್ಲುವುದು ಖಾತೆಯ ಮೇಲೆ.

ಇದು ಬರಿಯ ಕಲ್ಪನೆಯಲ್ಲ. ಹೋದ ವರ್ಷ ನಮ್ಮ ಅಂಗಡಿಗೆ ನೆರೆಯ ಊರಿನ ಒಂದು ಛಾಯಾಚಿತ್ರ ಸ್ಟುಡಿಯೋದ ಎಸ್‌ಎಸ್‌ಡಿ ಬಂದಿತ್ತು. ಫರ್ಮ್‌ವೇರ್ ಬದಲಾಗುತ್ತಿದ್ದಾಗ ಪರದೆ ಅಲುಗಾಡದೆ ನಿಂತಿತಂತೆ. ಮಾಲೀಕರು ನೋಡಿದರು, ಗದರಿದರು, ಮೌಸನ್ನು ಕುಟ್ಟಿದರು; ಕೊನೆಗೆ ಗೋಡೆಯ ಸ್ವಿಚ್ಚನ್ನು ಆರಿಸಿಬಿಟ್ಟರು. ನಮ್ಮ ಮೇಜಿನ ಮೇಲೆ ಅದನ್ನು ಜೋಡಿಸಿದಾಗ ತನ್ನ ಹೆಸರನ್ನೇನೋ ಹೇಳಿತು; ತನ್ನ ವಿಸ್ತಾರ ಮಾತ್ರ ಸೊನ್ನೆ ಎಂದಿತು. ಅದರಲ್ಲಿ ಒಂದು ಋತುವಿನ ಮದುವೆಗಳಿದ್ದವು. ಹದಿನಾಲ್ಕು ಮನೆಗಳವರು ಮುಂಗಡ ಕೊಟ್ಟಿದ್ದರು. ಅವರಲ್ಲಿ ಒಬ್ಬ ಮುದುಕರು ತಾವೇ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಳಿತರು. ಮಗಳ ಮದುವೆಯಾದ ಹನ್ನೊಂದನೆಯ ದಿನ ಅವರ ಹೆಂಡತಿ ತೀರಿಕೊಂಡಿದ್ದರು. ‘ಧಾರೆಯ ಹೊತ್ತಿನದು ಒಂದೇ ಒಂದು ಸಿಕ್ಕಿದರೂ ಸಾಕಪ್ಪ’ ಎಂದರು. ನಮ್ಮ ಯಜಮಾನರು ಮೂರು ದಿನ ಪ್ರಯತ್ನಪಟ್ಟರು. ಬೆಂಗಳೂರಿಗೂ ಕಳುಹಿಸಿ ನೋಡಿದರು. ಸಿಕ್ಕಲಿಲ್ಲ.

ಸ್ಟುಡಿಯೋದ ಮಾಲೀಕರನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಆ ಪರದೆ ಅವರಿಗೆ ಏನು ಹೇಳಿತ್ತು? ಇನ್ನೆಷ್ಟು ಹೊತ್ತೆಂದು ಹೇಳಿತ್ತೆ? ಜೀವಂತವಾಗಿದ್ದೇನೆಂಬ ಗುರುತನ್ನಾದರೂ ತೋರಿಸಿತ್ತೆ? ಮೌನವನ್ನು ಅರ್ಥ ಮಾಡಿಕೊಳ್ಳಲು ಮೂರು ಸಂಗತಿಗಳು ಬೇಕು: ಮೌನಕ್ಕೆ ಮುಂಚೆ ಒಂದು ಸೂಚನೆ, ಮೌನದ ಹೊತ್ತಿನಲ್ಲಿ ಒಂದು ಗುರುತು, ಮೌನಕ್ಕೆ ಒಂದು ಅವಧಿ. ಎನ್‌ವಿಎಂಇ ವ್ಯಾಕರಣದ ಹೆಚ್ಚುಗಾರಿಕೆ ಎಂದರೆ ಈ ಮೂರನ್ನೂ ಅದು ಒದಗಿಸಿರುವುದು.

ಸೂಚನೆಯ ಏರ್ಪಾಡು ಬಹು ಸ್ವಾರಸ್ಯವಾಗಿದೆ. ಸಾಧನವು ತಾನಾಗಿಯೇ ಮೊದಲು ಮಾತೆತ್ತುವಂತಿಲ್ಲ. ಕೇಳಿದುದಕ್ಕೆ ಉತ್ತರ ಕೊಡುವುದಷ್ಟೇ ಅದರ ಹಕ್ಕು. ಹಾಗಾದರೆ ತನಗೆ ಏನೋ ಆಗಲಿದೆಯೆಂದು ಹೇಳುವುದು ಹೇಗೆ? ಹಿಂದೆ ಅಂಚೆಯಲ್ಲಿ ಜೋಡಿ ಕಾರ್ಡು ಎಂಬುದಿತ್ತೆಂದು ನಮ್ಮ ಅಜ್ಜ ಹೇಳುತ್ತಾರೆ. ಊರಿಗೆ ಹೊರಟ ಮಗನ ಕೈಯಲ್ಲಿ ತನ್ನ ವಿಳಾಸ ಬರೆದ ಕಾರ್ಡನ್ನು ಕೊಟ್ಟು, ‘ಏನಾದರೂ ವಿಶೇಷವಿದ್ದರೆ ಬರೆದು ಹಾಕು’ ಎನ್ನುವ ತಂದೆಯಂತೆ, ಡ್ರೈವರು ಮೊದಲೇ ಒಂದು ಖಾಲಿ ಆಜ್ಞೆಯನ್ನು ಸಾಧನದ ವಶದಲ್ಲಿ ಇಟ್ಟಿರುತ್ತದೆ. ಅದಕ್ಕೆ ಗಡುವಿಲ್ಲ. ವಿಶೇಷ ಒದಗಿದಾಗ ಸಾಧನವು ಅದನ್ನು ತುಂಬಿ ಹಿಂದಕ್ಕೆ ಹಾಕುತ್ತದೆ: ‘ಫರ್ಮ್‌ವೇರಿನ ಚಾಲನೆ ಪ್ರಾರಂಭವಾಗುತ್ತಿದೆ.’ ಇದು ಸೂಚನೆ.

ಗುರುತು ಇರುವುದು ಕಚೇರಿಯ ಬಾಗಿಲಿನ ಹಲಗೆಯಂತಹ ಒಂದು ಕಡೆ. ಸಾಧನದ ಸ್ಥಿತಿಯನ್ನು ತಿಳಿಸುವ ಒಂದು ರಿಜಿಸ್ಟರಿದೆ. ಅದನ್ನು ಓದಲು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಒಳಗೆ ಅರ್ಜಿಗಳನ್ನು ಸ್ವೀಕರಿಸದಿದ್ದಾಗಲೂ ಹೊರಗಿನಿಂದ ಕಣ್ಣು ಹಾಯಿಸಬಹುದು. ಅದರಲ್ಲಿ ಒಂದು ಬಿಟ್ಟು ‘ಕೆಲಸ ತಾತ್ಕಾಲಿಕವಾಗಿ ನಿಂತಿದೆ’ ಎಂದು ತೋರಿಸುತ್ತದೆ. ಅವಧಿಯನ್ನೂ ಸಾಧನವು ಮೊದಲೇ ಹೇಳಿಕೊಂಡಿರುತ್ತದೆ: ಫರ್ಮ್‌ವೇರಿನ ಚಾಲನೆಗೆ ಹೆಚ್ಚೆಂದರೆ ಇಷ್ಟು ಕಾಲ ಬೇಕು ಎಂದು, ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ. ಆ ಕೋಷ್ಠಕ ೧೬ ಬಿಟ್ಟುಗಳದಾದುದರಿಂದ, ಒಂದು ಗಂಟೆ ನಲವತ್ತೊಂಬತ್ತು ನಿಮಿಷದ ವರೆಗೆ ಅವಕಾಶ ಕೇಳಲು ಅದರಲ್ಲಿ ಎಡೆಯುಂಟು. ಅಷ್ಟು ಕೇಳುವ ಸಾಧನವನ್ನು ಯಾರೂ ಕೊಳ್ಳಲಾರರೆಂಬುದು ಬೇರೆ ಮಾತು.

ವ್ಯಾಕರಣ ಬರೆದ ಮಾತ್ರಕ್ಕೆ ಜನ ಅದರಂತೆ ಮಾತನಾಡಿಯಾರೆ? ಲಿನಕ್ಸಿನ ಡ್ರೈವರು ಇದನ್ನು ಕಲಿತದ್ದು ೨೦೧೭ರಲ್ಲಿ. ಆ ವರ್ಷ ಸೇರಿದ ತಿದ್ದುಪಡಿಯ ಪ್ರಕಾರ, ಸೂಚನೆ ಬಂದೊಡನೆ ಡ್ರೈವರು ಹೊಸ ಆಜ್ಞೆಗಳನ್ನು ಸಾಲಿಗೆ ಬಿಡುವುದನ್ನು ನಿಲ್ಲಿಸುತ್ತದೆ. ಬಳಿಕ ಸೆಕೆಂಡಿಗೆ ಹತ್ತು ಸಲ ಬಾಗಿಲಿನ ಹಲಗೆಯನ್ನು ನೋಡುತ್ತ ನಿಲ್ಲುತ್ತದೆ. ಗುರುತು ತೆಗೆಯಲ್ಪಟ್ಟೊಡನೆ ಸಾಲನ್ನು ಬಿಡುತ್ತದೆ. ಸಾಧನವೇ ಹೇಳಿದ ಅವಧಿ ಮುಗಿದರೂ ಗುರುತು ಹೋಗದಿದ್ದರೆ ಆಗ, ಆಗ ಮಾತ್ರ, ರೀಸೆಟ್. ಸಾಧನವು ಅವಧಿಯನ್ನೇ ಹೇಳಿಲ್ಲದಿದ್ದರೆ ಆಡಳಿತದ ಆಜ್ಞೆಗಳಿಗೆ ಕೊಡುವ ೬೦ ಸೆಕೆಂಡೇ ಗಡುವು. ಬಹಳ ಸರಿಯಾದ ಏರ್ಪಾಡು. ಓದಿದಾಗ ನನಗೆ ಇನ್ನೇನೂ ಉಳಿದಿಲ್ಲವೆಂದೇ ತೋರಿತು.

ಆದರೆ ಉಳಿದಿತ್ತು. ಬಾಗಿಲ ಮುಂದೆ ತಾಳ್ಮೆಯಿಂದ ನಿಂತವನು ಡ್ರೈವರಿನ ಒಂದು ಭಾಗ ಮಾತ್ರ. ಡ್ರೈವರೆಂಬುದು ಒಬ್ಬನಲ್ಲ, ಒಂದೇ ಮನೆಯಲ್ಲಿ ಏಕಕಾಲಕ್ಕೆ ಬೇರೆ ಬೇರೆ ಕೆಲಸ ಮಾಡುವ ಅಣ್ಣತಮ್ಮಂದಿರಿದ್ದಂತೆ. ಒಬ್ಬನು ಕಾಯುತ್ತಿರುವುದು ಇನ್ನೊಬ್ಬನಿಗೆ ತಿಳಿಯದು. ಹೊಸ ಆಜ್ಞೆಗಳನ್ನೇನೋ ತಡೆದದ್ದಾಯಿತು. ಸೂಚನೆ ಬರುವ ಮೊದಲೇ ಸಾಧನದ ಕೈಸೇರಿದ್ದ ಆಜ್ಞೆಗಳ ಗತಿ? ಅವು ಒಳಗೇ ಸಿಕ್ಕಿಕೊಂಡಿವೆ. ಅವುಗಳ ಹಿಂದಿನ ಗಡಿಯಾರಗಳು ಓಡುತ್ತಲೇ ಇವೆ. ಸಾಧನವು ಎರಡು ನಿಮಿಷ ಬೇಕೆಂದು ಮೊದಲೇ ಹೇಳಿದ್ದರೂ, ಗಡಿಯಾರ ನೋಡುವ ತಮ್ಮನಿಗೆ ಅದು ಗೊತ್ತಿಲ್ಲ. ಗಡುವು ಮೀರಿತೆಂದು ಅವನು ಹಿಂಬಾಗಿಲಿನಿಂದ ರೀಸೆಟ್ ಹೊಡೆಯುತ್ತಾನೆ. ಇಲ್ಲವೆ ಯಂತ್ರವನ್ನು ನೋಡಿಕೊಳ್ಳುವ ಅಧಿಕಾರಿಯೇ ಬೇಸತ್ತು ಕೈಯಾರೆ ರೀಸೆಟ್ಟಿನ ಆಜ್ಞೆ ಕೊಡುತ್ತಾನೆ; ನಮ್ಮ ಸ್ಟುಡಿಯೋದ ಮಾಲೀಕರಂತೆ. ಅಂತೂ ಮುಂಬಾಗಿಲಲ್ಲಿ ಮರ್ಯಾದೆಯಿಂದ ಕಾಯುತ್ತಿರುವಾಗಲೇ ಹಿಂಬಾಗಿಲು ಮುರಿಯುವ ಅವಕಾಶ ಹಾಗೆಯೇ ಉಳಿದಿತ್ತು.

ಇದಕ್ಕೆ ೨೦೧೯ರಲ್ಲಿ ಪರಿಹಾರ ಬಂತು. ಅದನ್ನು ಬರೆದವರು ಎನ್‌ವಿಎಂಇ ಡ್ರೈವರಿನ ಹೊಣೆ ಹೊತ್ತವರಲ್ಲಿ ಒಬ್ಬರಾದ ಕೀತ್ ಬುಷ್ ಎಂಬವರು. ಅದು ಆ ವರ್ಷದ ನವೆಂಬರಿನಲ್ಲಿ ಹೊರಬಂದ ಲಿನಕ್ಸಿನ ೫.೪ ಆವೃತ್ತಿಯಲ್ಲಿ ಸೇರಿತು. ಪರಿಹಾರದ ಉಪಾಯವನ್ನು ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಬೆಳೆದವರು ತತ್‌ಕ್ಷಣ ಗುರುತಿಸುತ್ತಾರೆ. ಅದು ಟವಲು ಹಾಕಿ ಸೀಟು ಹಿಡಿಯುವ ಉಪಾಯ!

ಹೇಗೆಂದರೆ, ಪ್ರತಿಯೊಂದು ನಿಯಂತ್ರಕಕ್ಕೂ ಡ್ರೈವರಿನ ಲೆಕ್ಕದಲ್ಲಿ ಒಂದು ಸ್ಥಿತಿಯಿದೆ: ‘ಹೊಸದು’, ‘ಜೀವಂತ’, ‘ರೀಸೆಟ್ ಆಗುತ್ತಿದೆ’, ‘ತೆಗೆಯಲಾಗುತ್ತಿದೆ’ ಮುಂತಾಗಿ. ಯಾವ ಸ್ಥಿತಿಯಿಂದ ಯಾವುದಕ್ಕೆ ಹೋಗಬಹುದೆಂಬುದಕ್ಕೆ ಕಟ್ಟುನಿಟ್ಟಾದ ನಿಯಮವುಂಟು. ‘ರೀಸೆಟ್ ಆಗುತ್ತಿದೆ’ ಎಂಬ ಸ್ಥಿತಿಯಲ್ಲಿರುವುದನ್ನು ಇನ್ನೊಬ್ಬನು ಬಂದು ಮತ್ತೆ ರೀಸೆಟ್ಟಿಗೆ ಹಾಕುವಂತಿಲ್ಲ. ಆ ಸೀಟಿನಲ್ಲಿ ಆಗಲೇ ಒಬ್ಬನಿದ್ದಾನೆ. ಈ ನಿಯಮವನ್ನೇ ಹಿಡಿದುಕೊಂಡು, ಸಾಧನದಿಂದ ಸೂಚನೆಯ ಕಾರ್ಡು ಬಂದೊಡನೆ ಡ್ರೈವರು ನಿಯಂತ್ರಕದ ಸ್ಥಿತಿಯನ್ನು ‘ರೀಸೆಟ್ ಆಗುತ್ತಿದೆ’ ಎಂದು ಬರೆದುಬಿಡುತ್ತದೆ. ನಿಜವಾಗಿ ರೀಸೆಟ್ ಏನೂ ಆಗುತ್ತಿಲ್ಲ. ಸೀಟಿನ ಮೇಲೆ ಟವಲು ಬಿದ್ದಿದೆ, ಅಷ್ಟೆ. ಬೇರೆ ಯಾವ ತಮ್ಮ ಬಂದರೂ, ಅಧಿಕಾರಿಯೇ ಬಂದರೂ, ಟವಲನ್ನು ಕಂಡು ಹಿಂದೆ ಸರಿಯಬೇಕು. ಗಡಿಯಾರ ನೋಡುವವನಿಗೂ ಹೇಳಿದೆ: ಈ ಸ್ಥಿತಿಯಲ್ಲಿ ಗಡುವು ಮೀರಿದರೆ ಗದ್ದಲವೆಬ್ಬಿಸಬೇಡ, ಗಡಿಯಾರವನ್ನು ಮತ್ತೆ ಮೊದಲಿನಿಂದ ಓಡಿಸು. ಹಲಗೆಯ ಮೇಲಿನ ಗುರುತು ಹೋದ ಮೇಲೆ, ಕಾಯುತ್ತಿದ್ದವನೇ ಸ್ಥಿತಿಯನ್ನು ‘ಜೀವಂತ’ ಎಂದು ತಿದ್ದಿ ಸಾಲನ್ನು ಬಿಡುತ್ತಾನೆ. ಅವಧಿ ಮೀರಿ ನಿಜವಾಗಿಯೇ ರೀಸೆಟ್ ಬೇಕಾದರೆ, ಸೀಟು ಹೇಗೂ ಅವನ ವಶದಲ್ಲೇ ಇದೆ, ಅವನೇ ಮಾಡುತ್ತಾನೆ.

ತಿದ್ದುಪಡಿ ಬಹಳ ಸಣ್ಣದು. ಅದರ ಪಕ್ಕದಲ್ಲಿ ಬರೆದಿರುವ ಟಿಪ್ಪಣಿಯಲ್ಲಿ, ಈ ಸ್ಥಿತಿಯ ಹೆಸರನ್ನು ತಾವು ಉಪಯೋಗಿಸುತ್ತಿರುವುದಕ್ಕಿಂತ ದುರುಪಯೋಗಿಸುತ್ತಿರುವುದೇ ಹೆಚ್ಚೇನೋ ಎಂಬರ್ಥದ ಒಂದು ನುಡಿಯೂ ಇದೆ. ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು. ಒಬ್ಬ ಅಧ್ಯಾಪಕರೊಡನೆ ಇದನ್ನು ಚರ್ಚಿಸಿದಾಗ ಅವರು, ‘ಇಲ್ಲದ್ದನ್ನು ಇದೆಯೆಂದು ಬರೆಯುವುದು ಸುಳ್ಳು ದಾಖಲೆಯಲ್ಲವೇನಯ್ಯ? ಹೊಸ ಸ್ಥಿತಿಗೆ ಹೊಸ ಹೆಸರನ್ನೇ ಕೊಡಬಹುದಾಗಿತ್ತಲ್ಲ’ ಎಂದರು. ತರ್ಕಶಾಸ್ತ್ರದ ದೃಷ್ಟಿಯಿಂದ ಅವರ ಮಾತು ಸರಿ. ಆದರೆ ಹೊಸ ಹೆಸರೊಂದು ಬಂದರೆ, ಸ್ಥಿತಿಯನ್ನು ವಿಚಾರಿಸುವ ಕಡೆಗಳಲ್ಲೆಲ್ಲ ಅದರ ಪರಿಚಯ ಮಾಡಿಕೊಡಬೇಕು. ಒಂದು ಕಡೆ ಮರೆತರೆ ಅಲ್ಲೊಂದು ಹೊಸ ಹಿಂಬಾಗಿಲು ತೆರೆದಂತೆ. ಹಳೆಯ ಹೆಸರಿನ ಗೌರವ ಎಲ್ಲರಿಗೂ ಆಗಲೇ ಗೊತ್ತಿದೆ. ಜನರ ಮಾಹಿತಿಯ ಪ್ರಾಣ ಪಣವಾಗಿರುವಲ್ಲಿ, ಅಂದವಾದ ದಾರಿಗಿಂತ ಕಡಮೆ ತಪ್ಪಾಗುವ ದಾರಿಯೇ ಮೇಲೆಂದು ನನ್ನ ಮತ. ಅಧ್ಯಾಪಕರು ಒಪ್ಪಲಿಲ್ಲ, ನಕ್ಕು ಸುಮ್ಮನಾದರು. ಅದನ್ನು ಸಮ್ಮತಿಯೆಂದು ನಾನು ತಿಳಿದಿಲ್ಲ.

ಈ ತೊಡಕು ಎನ್‌ವಿಎಂಇಗೆ ಮಾತ್ರ ಸೇರಿದುದಲ್ಲ. ಹಲವು ಡಿಸ್ಕುಗಳನ್ನು ಒಟ್ಟಿಗೆ ಆಳುವ ರೈಡ್ ನಿಯಂತ್ರಕಗಳಲ್ಲಿಯೂ ಇದಿದೆ. ಅಲ್ಲಿ ಅವಸರದ ಫಲ ಇನ್ನೊಂದು ಬಗೆ. ಉತ್ತರ ಕೊಡದ ಡಿಸ್ಕನ್ನು ಪಂಕ್ತಿಯಿಂದ ಎಬ್ಬಿಸಿ, ಅದು ಸತ್ತಿತೆಂದು ಸಾರಿ, ಉಳಿದವುಗಳಿಂದ ಅದರ ಮಾಹಿತಿಯನ್ನು ಮತ್ತೆ ಕಟ್ಟಿಕೊಳ್ಳಲು ಗಂಟೆಗಟ್ಟಲೆ ಹೆಣಗಬೇಕಾಗುತ್ತದೆ; ಅಷ್ಟರಲ್ಲಿ ಇನ್ನೊಂದಕ್ಕೆ ಏನಾದರೂ ಆದರೆ ಗತಿಯಿಲ್ಲ. ಆದುದರಿಂದಲೇ ತಿಳಿದವರು ಗುಂಪಿನ ಡಿಸ್ಕುಗಳ ಫರ್ಮ್‌ವೇರನ್ನು ಒಂದೊಂದಾಗಿ, ಹಿಂದಿನದು ಸರಿಯಾಗಿ ಎದ್ದಿತೆಂದು ಕಂಡ ಮೇಲೆಯೇ ಮುಂದಿನದೆಂಬಂತೆ ಬದಲಾಯಿಸುತ್ತಾರೆ. ನಮ್ಮ ಇತಿಹಾಸ ವಿಭಾಗದವರು ತಾಲ್ಲೂಕಿನ ವೀರಗಲ್ಲುಗಳ ಚಿತ್ರಗಳನ್ನು ಎರಡು ಎಸ್‌ಎಸ್‌ಡಿಗಳಲ್ಲಿ ಇಟ್ಟಿದ್ದೇವೆ. ಅವುಗಳ ಫರ್ಮ್‌ವೇರನ್ನು ಒಂದೇ ದಿನ ಬದಲಾಯಿಸಕೂಡದೆಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಇದೇ. ಆ ಕಲ್ಲುಗಳಲ್ಲಿ ಎರಡು, ರಸ್ತೆ ಅಗಲ ಮಾಡಿದ ಮೇಲೆ ಈಗ ಚಿತ್ರದಲ್ಲಿ ಮಾತ್ರ ಉಳಿದಿವೆ.

೨೦೧೯ರ ತಿದ್ದುಪಡಿಯ ಬಳಿಕವೂ ಒಂದು ಸಣ್ಣ ಮುಳ್ಳು ಉಳಿದಿತ್ತು. ಸೂಚನೆಯ ಕಾರ್ಡು ಕೈಸೇರಿದೊಡನೆ ಇನ್ನೊಂದು ಖಾಲಿ ಕಾರ್ಡನ್ನು ಸಾಧನದ ವಶಕ್ಕೆ ಕೊಡುವುದು ಡ್ರೈವರಿನ ವಾಡಿಕೆ. ಆದರೆ ಈ ಒಂದು ಸೂಚನೆಯ ವಿಷಯದಲ್ಲಿ, ಕಾರ್ಡು ಕೊಡಬೇಕಾದುದು ಆಗತಾನೆ ಬಾಗಿಲು ಹಾಕಿಕೊಂಡವನಿಗೆ! ಈಗಿನ ಪಾಠದಲ್ಲಿ ಅದನ್ನೂ ಸರಿಪಡಿಸಿದ್ದಾರೆ: ಚಾಲನೆ ಮುಗಿದು ಸ್ಥಿತಿ ‘ಜೀವಂತ’ವಾದ ಮೇಲೆಯೇ ಹೊಸ ಕಾರ್ಡು ಹೋಗುತ್ತದೆ. ಅದೇ ಸಮಯಕ್ಕೆ ಡ್ರೈವರು ಸಾಧನದ ಗೂಡುಗಳ ಪಟ್ಟಿಯನ್ನು ಒಮ್ಮೆ ಓದುತ್ತದೆ. ಹಾಗೆ ಓದಿದರೇ ‘ನಿನ್ನ ಸೂಚನೆ ನನಗೆ ತಲುಪಿತು’ ಎಂದು ಒಪ್ಪಿಕೊಂಡಂತೆ. ಓದುವವರೆಗೆ ಅದೇ ಬಗೆಯ ಸೂಚನೆಯನ್ನು ಸಾಧನವು ಮತ್ತೆ ಕಳುಹಿಸುವುದಿಲ್ಲ. ಏಳು ಗೂಡುಗಳು, ಒಂದೊಂದರಲ್ಲಿಯೂ ಎಂಟೆಂಟು ಅಕ್ಷರಗಳ ಹೆಸರು. ಈಗ ಯಾವ ಗೂಡಿನವನು ಕುರ್ಚಿಯಲ್ಲಿದ್ದಾನೆಂಬುದು ಮೊದಲ ಬೈಟಿನ ಮೂರು ಬಿಟ್ಟುಗಳಲ್ಲಿ ಬರೆದಿರುತ್ತದೆ. ಒಂದಕ್ಕಿಂತ ಹೆಚ್ಚು ಗೂಡುಗಳುಳ್ಳ ಸಾಧನದಲ್ಲಿ, ಹೊಸಬನನ್ನು ಬೇರೆ ಗೂಡಿನಲ್ಲಿ ಕೂರಿಸಿದ್ದರೆ, ಹಳೆಯ ಶಾನುಭೋಗನು ತನ್ನ ಗೂಡಿನಲ್ಲೇ ಇರುತ್ತಾನೆ. ಹೊಸಬನ ಲೆಕ್ಕ ಸರಿಬಾರದಿದ್ದರೆ ಇನ್ನೊಂದು ಕಮಿಟ್ ಆಜ್ಞೆಯಿಂದ ಅವನನ್ನು ಮತ್ತೆ ಕರೆಯಲು ಬರುತ್ತದೆ.